ದಿ ವೈರ್: ಫೋನ್ ಟ್ಯಾಪಿಂಗ್ ಅಂದ್ರೆ ಏನು ಅಂತ ನೆಟ್ಟಗೆ ತೋರ್ಸಿರೋ ಸೀರೀಸ್

ಪೊಲೀಸರು ಒಬ್ಬರ ಫೋನ್ ಕೇಳ್ಬೇಕು ಅಂದ್ರೆ ಏನೇನು ಮಾಡ್ಬೇಕಾಗತ್ತೆ, ಯಾರ ಪರ್ಮಿಶನ್ ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ತಿಳ್ಕೊಳ್ಳೋ ಆಸೆ ಇರೋರು 'ದಿ ವೈರ್' ನೋಡ್ಲೇಬೇಕು. ಐದು ಸೀಸನ್, ಒಟ್ಟು 60 ಎಪಿಸೋಡ್, ಅಮೆರಿಕದ ಹೆಚ್‌ಬಿಒ ಚಾನೆಲ್‌ನಲ್ಲಿ 2002ರ ಜೂನ್‌ನಿಂದ 2008ರ ಮಾರ್ಚ್‌ವರೆಗೆ ಬಂದಿದ್ದು. ಇಷ್ಟು ಹಳೇದನ್ನ ಈಗ ಯಾಕೆ ರಿವ್ಯೂ ಮಾಡ್ತೀಯಾ ಅಂತ ನಮ್ಮನೆಯವ್ರೇ ಕೇಳಿದ್ರು. ಪೇಜರ್ ಹೋಯ್ತು, ರಸ್ತೆ ಬದಿ ಕಾಯಿನ್ ಫೋನ್ ಹೋಯ್ತು, ಆದ್ರೆ ಸರ್ಕಾರ ಜನರನ್ನ ನೋಡೋ ಕೇಳೋ ಕೆಲ್ಸ ಎಲ್ಲೂ ಹೋಗಿಲ್ಲ, ಜಾಸ್ತಿನೇ ಆಗಿದೆ, ಅದಕ್ಕೆ ಇದನ್ನ ನೋಡೋಕೆ ಈಗ್ಲೇ ಸರಿಯಾದ ಟೈಮ್ ಅನ್ನೋದು ನನ್ನ ಅಭಿಪ್ರಾಯ.

ನಾನು ಇರೋದು ಮುಂಬೈ ಹತ್ರದ ಡೊಂಬಿವಲಿ ಈಸ್ಟ್, ಕೆಲ್ಸ ಮುಂಬೈನ ಫೋರ್ಟ್‌ನಲ್ಲಿ ಒಬ್ಬ ಕ್ರಿಮಿನಲ್ ವಕೀಲರ ಆಫೀಸಲ್ಲಿ, ಡ್ರಾಫ್ಟಿಂಗು ಟೈಪಿಂಗು ಎಲ್ಲಾ ನಂದೇ. ಚಾರ್ಜ್‌ಶೀಟು, ಪಂಚನಾಮೆ, ಸಿಡಿಆರ್ (ಯಾರು ಯಾರಿಗೆ ಫೋನ್ ಮಾಡಿದ್ರು ಅನ್ನೋ ಪಟ್ಟಿ), ಟವರ್ ಲೊಕೇಶನ್ ಪ್ರಿಂಟೌಟು, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಹಚ್ಚೋ 65ಬಿ ಸರ್ಟಿಫಿಕೇಟು (ಈಗ ಹೊಸ ಸಾಕ್ಷ್ಯ ಕಾಯ್ದೆಯಲ್ಲಿ ಅದು 63 ಆಗಿದೆ) ಇವೇ ದಿನಾ ಕೈಯಲ್ಲಿ ಆಡೋ ಕಾಗದಗಳು. ಅದಕ್ಕೇ ಟೀವಿಲಿ ಪೊಲೀಸ್ ಕಥೆ ಬಂದ್ರೆ ನನಗೆ ಮೊದ್ಲು ಕಾಣೋದು ಅಲ್ಲಿ ಇಲ್ದೇ ಇರೋ ಕಾಗದ. ನಮ್ಮ ಹಿಂದಿ ಸೀರಿಯಲ್‌ಗಳಲ್ಲಿ ಇನ್‌ಸ್ಪೆಕ್ಟರ್ ಸಾಹೇಬ್ರು "ಉಸ್ಕಾ ಫೋನ್ ಟ್ಯಾಪ್ ಕರೋ" ಅಂತಾರೆ, ಮುಂದಿನ ಸೀನಲ್ಲಿ ಕಂಪ್ಯೂಟರ್ ಮೇಲೆ ಅಲೆ ಅಲೆ ಗೆರೆ ಓಡ್ತಿರತ್ತೆ, ಕಳ್ಳ ತಾನೇ ತನ್ನ ಅಡ್ರೆಸ್ ಹೇಳ್ಬಿಡ್ತಾನೆ. ದಿ ವೈರ್‌ನಲ್ಲಿ ಫೋನ್ ಟ್ಯಾಪ್ ಶುರು ಆಗೋಕೇ ಮೊದಲ ಸೀಸನ್ನಿನ ಎಷ್ಟೋ ಎಪಿಸೋಡ್ ಹೋಗತ್ತೆ, ಅಷ್ಟೂ ಹೊತ್ತು ಓಡಾಟ, ಕಾಯೋದು, ಮೇಲಧಿಕಾರಿಗಳ ಹತ್ರ ಬೈಸ್ಕೊಳ್ಳೋದು, ಅಫಿಡವಿಟ್ ಬರೆಯೋದು. ನಮ್ಮ ಅಕ್ಕನ ಮಗ ಎರಡನೇ ಎಪಿಸೋಡಿಗೇ ಬೋರ್ ಅಂತ ಎದ್ದು ಹೋದ. ನನಗೆ ಮಾತ್ರ ಅಲ್ಲೇ ನಂಬಿಕೆ ಬಂದಿದ್ದು.

ಕಥೆ ನಡೆಯೋದು ಬಾಲ್ಟಿಮೋರ್ ಅನ್ನೋ ಊರಲ್ಲಿ, ಮೇರಿಲ್ಯಾಂಡ್ ರಾಜ್ಯ. ಬರೆದವ್ರು ಡೇವಿಡ್ ಸೈಮನ್, ಅಲ್ಲಿನ 'ಬಾಲ್ಟಿಮೋರ್ ಸನ್' ಪೇಪರಲ್ಲಿ ಕ್ರೈಮ್ ರಿಪೋರ್ಟರ್ ಆಗಿದ್ದವ್ರು. ಜೊತೆಗೆ ಎಡ್ ಬರ್ನ್ಸ್, ಅದೇ ಊರಿನ ಪೊಲೀಸ್ ಡಿಟೆಕ್ಟಿವ್ ಆಗಿದ್ದು, ಆಮೇಲೆ ಸರ್ಕಾರಿ ಶಾಲೆಲಿ ಮೇಷ್ಟ್ರಾಗಿ ಪಾಠ ಮಾಡ್ದವ್ರು. 1980ರ ದಶಕದಲ್ಲಿ ಮೆಲ್ವಿನ್ ವಿಲಿಯಮ್ಸ್ ಅನ್ನೋ ಡ್ರಗ್ ದೊರೆನ ಈ ಬರ್ನ್ಸ್ ಮತ್ತವರ ಜೊತೆಗಾರರು ಪೇಜರ್ ಫೋನ್ ಹಿಂದೆ ಬಿದ್ದು ಹಿಡಿದಿದ್ರು, ಸೈಮನ್ ಆ ಕೇಸಿನ ಬಗ್ಗೆ ಪೇಪರಲ್ಲಿ ಸರಣಿ ಬರೆದಿದ್ರು. ಜೈಲಿಂದ ಬಂದ ಮೇಲೆ ಅದೇ ವಿಲಿಯಮ್ಸ್‌ನ ಕರೆದು ಈ ಸೀರೀಸ್‌ನಲ್ಲಿ ಚರ್ಚಿನ ಹಿರಿಯರ ಪಾತ್ರ ಕೊಟ್ಟಿದಾರೆ! ಹಿಡಿದವ್ರು, ಸಿಕ್ಕಿಬಿದ್ದವ್ರು, ಅದನ್ನ ಬರೆದವ್ರು ಮೂರೂ ಜನ ಒಂದೇ ಕೆಲಸದಲ್ಲಿ ಕೈ ಹಾಕಿರೋದ್ರಿಂದ ಅಲ್ಲಿ ಬರೋ ಪ್ರತಿ ಸಣ್ಣ ವಿಷಯದಲ್ಲೂ ಒಂದು ತೂಕ ಇದೆ.

ಮೊದಲ ಸೀಸನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಕಾವಲು ಕಾಯೋ ಕೆಲ್ಸನ ಇಷ್ಟು ಹತ್ರದಿಂದ ತೋರ್ಸಿರೋದನ್ನ ನಾನು ಬೇರೆಲ್ಲೂ ನೋಡಿಲ್ಲ. ಏವನ್ ಬಾರ್ಕ್ಸ್‌ಡೇಲ್ ಅನ್ನೋನು ಊರಿನ ಅರ್ಧ ಡ್ರಗ್ ವ್ಯಾಪಾರ ನಡೆಸ್ತಿದಾನೆ, ಆದ್ರೆ ಪೊಲೀಸರ ಹತ್ರ ಅವನದೊಂದು ಫೋಟೋನೂ ಇಲ್ಲ. ಕೊನೆಗೆ ಅದು ಸಿಗೋದು ಒಂದು ಹಳೇ ಬಾಕ್ಸಿಂಗ್ ಪೋಸ್ಟರ್‌ನಲ್ಲಿ, ಹುಡುಕಿ ತರೋದು ಲೆಸ್ಟರ್ ಫ್ರೀಮನ್ ಅನ್ನೋ ವಯಸ್ಸಾದ ಡಿಟೆಕ್ಟಿವ್. ಯಾವಾಗ್ಲೋ ದೊಡ್ಡವರ ಮಾತು ಕೇಳದೆ ನ್ಯಾಯವಾಗಿ ಕೆಲ್ಸ ಮಾಡ್ದ ಅಂತ ವರ್ಷಾನುಗಟ್ಲೆ ಗಿರವಿ ಅಂಗಡಿ ಲೆಕ್ಕ ನೋಡೋ ಮೂಲೆಗೆ ಹಾಕಿರ್ತಾರೆ ಅವರನ್ನ, ಕೂತಲ್ಲೇ ಸಣ್ಣ ಸಣ್ಣ ಬೊಂಬೆ ಮನೆ ಕುರ್ಚಿ ಮೇಜು ಕೆತ್ತುತಾ ಇರ್ತಾರೆ, ಟೀಮಿನಲ್ಲಿ ಯಾರಿಗೂ ಇವರು ಲೆಕ್ಕಕ್ಕಿಲ್ಲ. ಆ ಮನುಷ್ಯನೇ ಇಡೀ ಕೇಸಿನ ಬೆನ್ನೆಲುಬು ಆಗ್ತಾರೆ. ಸರ್ಕಾರಿ ಆಫೀಸಲ್ಲಿ ಕೆಲ್ಸ ಮಾಡಿದವರಿಗೆ ಇಂಥ ಒಬ್ಬರಾದ್ರೂ ಗೊತ್ತಿರ್ತಾರೆ.

ಟೀಮ್‌ಗೆ ಕೊಟ್ಟಿರೋ ಜಾಗ ಒಂದು ಬೇಸ್‌ಮೆಂಟು, ಟೈಪ್ ಮಾಡೋಕೆ ಟೈಪ್‌ರೈಟರು. ಕಥೆಯ ಮುಖ್ಯ ಡಿಟೆಕ್ಟಿವ್ ಮ್ಯಾಕ್‌ನಲ್ಟಿ ಎಫ್‌ಬಿಐ ಆಫೀಸಿಗೆ ಹೋದಾಗ ಅಲ್ಲಿ ಡ್ರಗ್ ಮಾರೋ ಮನೆಯೊಳಗಿಂದ ಕ್ಯಾಮೆರಾ ಚಿತ್ರ ಲೈವ್ ಆಗಿ ಪರದೆ ಮೇಲೆ ಬರ್ತಿರತ್ತೆ, ಅದನ್ನ ನೋಡ್ತಾ ನಿಂತ ಅವನ ಮುಖ ನೋಡ್ಬೇಕು ನೀವು. ಅದೇ ಹೊತ್ತಿಗೆ ಎಫ್‌ಬಿಐನವ್ರು ಇನ್ನು ಡ್ರಗ್ ಕೇಸ್ ಬಿಟ್ಟು ಭಯೋತ್ಪಾದನೆ ಕಡೆ ಹೋಗ್ತಿದೀವಿ ಅಂತಾರೆ, 2001ರ ಸೆಪ್ಟೆಂಬರ್ 11 ಆಗಿ ಇನ್ನೂ ವರ್ಷ ಆಗಿರಲ್ಲ ಆಗ.

ಕಳ್ಳರು ಮೊಬೈಲ್ ಇಟ್ಕೊಳಲ್ಲ. ಪೇಜರ್‌ಗೆ ನಂಬರ್ ಬರತ್ತೆ, ಹುಡುಗ ಎದ್ದು ರಸ್ತೆ ಬದಿ ಫೋನಿಗೆ ಹೋಗಿ ಕಾಲ್ ಮಾಡ್ತಾನೆ. ನಾವೂ ಮುಂಬೈಲಿ ಒಂದು ಕಾಲಕ್ಕೆ ಹಳದಿ ಬೋರ್ಡಿನ ಪಿಸಿಒ, ಪಾನ್ ಅಂಗಡಿ ಮುಂದಿನ ಕೆಂಪು ಒಂದ್ರೂಪಾಯಿ ಡಬ್ಬಿ ಫೋನು ಎಲ್ಲಾ ಬಳಸಿದೋರೇ, ಅದಕ್ಕೆ ಈ ಸೀನ್‌ಗಳು ನಮ್ಮ ಕಾಲದೋರಿಗೆ ಚೆನ್ನಾಗಿ ಹಿಡಿಸತ್ತೆ. ಪೊಲೀಸರು ಆ ಪೇಜರಿನ ನಕಲು ಮಾಡಿಸ್ತಾರೆ, ಆದ್ರೆ ಬರೋ ನಂಬರ್‌ಗೆ ಫೋನ್ ಹಚ್ಚಿದ್ರೆ ಅಂಥ ನಂಬರೇ ಇಲ್ಲ, ಎಲ್ಲಾ ಕೋಡು. ಬಿಡಿಸೋನು ಪ್ರೆಜ್. ರಸ್ತೆಲಿ ಒಬ್ಬ ಹುಡುಗನ ಕಣ್ಣು ಹೋಗೋ ಹಾಗೆ ಪಿಸ್ತೂಲಿನ ಹಿಡಿಯಿಂದ ಮುಖಕ್ಕೆ ಹೊಡೆದು ಆಫೀಸಿಗೆ ಕಟ್ಟಿಹಾಕಿಸಿಕೊಂಡಿರೋ ಪೊಲೀಸ್ ಅವನು. ಒಬ್ಬನೇ ಕೂತು ಫೋನಿನ ಕೀಪ್ಯಾಡ್ ನೋಡ್ತಾ ನೋಡ್ತಾ ಅವನಿಗೆ ಹೊಳೆಯತ್ತೆ: ನಡುವೆ 5 ಇದೆ, ಅದನ್ನ ದಾಟಿ ಆಚೆ ಕಡೆ ಹೋಗ್ಬೇಕು. 1 ಅಂದ್ರೆ 9, 2 ಅಂದ್ರೆ 8, 3 ಅಂದ್ರೆ 7, 4 ಅಂದ್ರೆ 6, ಮತ್ತೆ 5ಕ್ಕೂ 0ಕ್ಕೂ ಅದಲು ಬದಲು. ಅಷ್ಟೇ! ಓದು ಬರಹ ಸರಿಯಾಗಿ ಬರದ ಹುಡುಗರೂ ನೆನಪಿಟ್ಕೊಳ್ಳೋ ಹಾಗೆ ಮಾಡಿರೋ ಕೋಡು, ಅದಕ್ಕೇ ದೊಡ್ಡ ದೊಡ್ಡ ತಲೆಗಳಿಗೆ ಹೊಳೆದಿಲ್ಲ. ನಾನು ವಿಡಿಯೋ ನಿಲ್ಲಿಸಿ ನಮ್ಮ ಆಫೀಸ್ ನಂಬರನ್ನ ಆ ಕೋಡಿಗೆ ಹಾಕಿ ನೋಡ್ದೆ, ನೀವೂ ಮಾಡಿ ನೋಡಿ, ಎಷ್ಟು ಸುಲಭ ಅಂತ ಗೊತ್ತಾಗತ್ತೆ.

ಇದಾದ ಮೇಲೆ ನಂಬರ್ ಗೊತ್ತು, ಫೋನ್ ಗೊತ್ತು, ಸೀದಾ ಕೇಳ್ಬಹುದು ಅಲ್ವಾ ಅನ್ಸತ್ತೆ. ಅಲ್ಲೇ ಇರೋದು ಈ ಸೀರೀಸಿನ ದೊಡ್ಡತನ. ಮೊದ್ಲು ಯಾರು ಯಾವ ನಂಬರಿಗೆ ಹಚ್ಚಿದ್ರು ಅನ್ನೋ ಲೆಕ್ಕ ಮಾತ್ರ ತಗೋತಾರೆ, ನಮ್ಮ ಸಿಡಿಆರ್ ಇದ್ದ ಹಾಗೆ, ಮಾತು ಕೇಳೋ ಹಾಗಿಲ್ಲ. ಮಾತು ಕೇಳ್ಬೇಕಾದ್ರೆ ಜಡ್ಜ್ ಮುಂದೆ ಅಫಿಡವಿಟ್ ಹಾಕ್ಬೇಕು: ಇವರು ಅಪರಾಧ ಮಾಡ್ತಿದಾರೆ ಅನ್ನೋಕೆ ಇಂಥ ಕಾರಣ ಇದೆ, ಬೇರೆ ಎಲ್ಲಾ ದಾರಿ ಪ್ರಯತ್ನ ಮಾಡಿ ಆಯ್ತು, ಮಾಹಿತಿದಾರರನ್ನ ಕಳಿಸಿದ್ವಿ, ಬೆನ್ನು ಹತ್ತಿದ್ವಿ, ಮಾಲು ಕೊಳ್ಳೋ ಹಾಗೆ ನಟಿಸಿ ನೋಡಿದ್ವಿ, ಯಾವ್ದೂ ಆಗ್ಲಿಲ್ಲ ಅಂತ ಒಂದೊಂದೂ ಬರೀಬೇಕು. ಇದು ಕಥೆಗಾರರ ಕಲ್ಪನೆ ಅಲ್ಲ. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಲಾಸ್ ಏಂಜಲೀಸ್‌ನ ಒಂದು ಪಬ್ಲಿಕ್ ಫೋನ್ ಬೂತ್ ಕೇಸಲ್ಲಿ, ಬೂತಿನ ಹೊರಗೆ ಎಫ್‌ಬಿಐ ಹಚ್ಚಿದ್ದ ಮೈಕಿನಿಂದ ಸಿಕ್ಕ ಸಾಕ್ಷ್ಯ ನಡೆಯಲ್ಲ, ಬಾಗಿಲು ಹಾಕ್ಕೊಂಡು ಮಾತಾಡೋನಿಗೆ ಅಲ್ಲೂ ಖಾಸಗಿತನ ಇದೆ ಅಂತು, ಮಾರನೇ ವರ್ಷ 1968ರಲ್ಲಿ ಟ್ಯಾಪಿಂಗ್‌ಗೆ ಕಾನೂನು ಬಂತು. ಆ ಕಾನೂನಿಂದಾನೇ ಈ ಕಥೆಯ ಪೊಲೀಸರ ಕೈಕಾಲು ಕಟ್ಟಿರೋದು.

ಸಹಿ ಸಿಕ್ಕಿದ ಮೇಲೂ ಮುಗಿಯಲ್ಲ. ಅದು ಪಬ್ಲಿಕ್ ಫೋನು, ಅಲ್ಲಿ ಯಾರ ಮನೆ ಅಜ್ಜಿನೂ ಬಂದು ಮಾತಾಡ್ಬಹುದು. ಅದಕ್ಕೆ ಎದುರು ಬಿಲ್ಡಿಂಗ್ ಛಾವಣಿ ಮೇಲೆ ಒಬ್ಬ ಡಿಟೆಕ್ಟಿವ್ ಬಿಸಿಲಲ್ಲಿ ಬೈನಾಕ್ಯುಲರ್ ಹಿಡ್ಕೊಂಡು ಕೂತಿರ್ಬೇಕು, ಈಗ ಫೋನ್ ಎತ್ತಿದ್ದು ಗ್ಯಾಂಗಿನ ಹುಡುಗನೇ ಅಂತ ಕಣ್ಣಾರೆ ನೋಡಿ ವೈರ್‌ಲೆಸ್‌ನಲ್ಲಿ ಹೇಳ್ಬೇಕು, ಆಮೇಲೇ ಒಳಗೆ ಹೆಡ್‌ಫೋನ್ ಹಾಕಿರೋನು ರೆಕಾರ್ಡ್ ಶುರು ಮಾಡೋದು. ಕೆಳಗೆ ಅಂಗಳದಲ್ಲಿ ಒಂದು ಕಿತ್ತಳೆ ಬಣ್ಣದ ಸೋಫಾ, ಅದರ ಮೇಲೆ ಹುಡುಗರು ಕೂತಿರೋದು, ಪೇಜರ್ ಕೂಗಿದ ತಕ್ಷಣ ಒಬ್ಬ ಎದ್ದು ಹೋಗೋದು, ಇಷ್ಟನ್ನೇ ಗಂಟೆಗಟ್ಲೆ ನೋಡ್ತಾ ಕೂತಿರ್ಬೇಕು. ಮಾತು ಅಮ್ಮನ ಔಷಧಿ, ಗರ್ಲ್‌ಫ್ರೆಂಡ್ ಜಗಳ ಅಂತ ಬೇರೆ ಕಡೆ ತಿರುಗಿದ್ರೆ ಕೇಳೋದು ನಿಲ್ಲಿಸ್ಬೇಕು, ಕೇಸಿಗೆ ಸಂಬಂಧ ಇಲ್ಲ ಅಂತ ಲಾಗ್‌ನಲ್ಲಿ ಬರೀಬೇಕು. ಕೇಳೋ ಅಧಿಕಾರ ಇರೋನು ಕೇಳದೆ ಇರೋದನ್ನ ಒಂದು ಟೀವಿ ಸೀರೀಸ್ ತೋರ್ಸತ್ತೆ ಅಂದ್ರೆ ನನಗೆ ಅದು ಕಣ್ಣಲ್ಲಿ ನೀರು ತರಿಸೋ ವಿಷಯ.

ಹಾಗೇ ಇನ್ನೊಂದು ಸೀನ್ ಹೇಳ್ಲೇಬೇಕು. ಬಬಲ್ಸ್ ಅಂತ ಒಬ್ಬ ಡ್ರಗ್ ಚಟದ ಮನುಷ್ಯ, ಕೀಮಾ ಅನ್ನೋ ಲೇಡಿ ಡಿಟೆಕ್ಟಿವ್‌ಗೆ ಖಬರಿ, ಅಂದ್ರೆ ಮಾಹಿತಿದಾರ. ಅವನು ಟೋಪಿ ಮಾರೋನ ಹಾಗೆ ಗಾಡಿ ತಳ್ಕೊಂಡು ಹುಡುಗರ ಮಧ್ಯೆ ಹೋಗ್ತಾನೆ, ತಮಾಷೆ ಮಾಡ್ತಾ ಯಾರ್ಯಾರು ಗ್ಯಾಂಗಿನಲ್ಲಿ ಮುಖ್ಯ ಅವರ ತಲೆ ಮೇಲೆ ಮಾತ್ರ ಕೆಂಪು ಟೋಪಿ ಇಟ್ಟು ನೋಡ್ತಾನೆ, ಛಾವಣಿ ಮೇಲಿಂದ ಕೀಮಾ ಕೆಂಪು ಟೋಪಿ ಕಂಡ ಕಂಡ ಹಾಗೆ ಫೋಟೋ ಹೊಡೀತಾ ಹೋಗ್ತಾಳೆ. ಒಂದು ಮಾತಿಲ್ಲ, ಒಂದು ಬಂದೂಕಿಲ್ಲ, ಇಡೀ ಗ್ಯಾಂಗಿನ ಪಟ ಗೋಡೆ ಮೇಲೆ ಬಂತು. ನಮ್ಮ ಬಿಲ್ಡಿಂಗ್‌ನಲ್ಲಿ ಮುಂಬೈ ಪೊಲೀಸಿಂದ ರಿಟೈರ್ ಆದ ಹವಾಲ್ದಾರ್ ಕಾಕಾ ಇದಾರೆ, ಅವರಿಗೆ ಈ ಸೀನ್ ತೋರಿಸ್ದೆ. ಇಂಗ್ಲಿಷ್ ಅರ್ಧ ಅರ್ಥ ಆಗದಿದ್ರೂ ಕುರ್ಚಿ ಮುಂದಕ್ಕೆ ಎಳ್ಕೊಂಡ್ರು. "ಸೂನಬಾಯಿ, ಹೀ ಖರೀ ಫೀಲ್ಡಿಂಗ್ ಆಹೆ" ಅಂದ್ರು, ಅಂದ್ರೆ ನಿಜವಾಗಿ ಹೊಂಚು ಹಾಕೋದು ಅಂದ್ರೆ ಇದೇ ಅಂತ. ಆಮೇಲೆ ತಾವು ಸಾದಾ ಬಟ್ಟೆಲಿ ಚಹಾ ಟಪರಿ ಹತ್ರ ನಿಂತು ನಿಂತು ಕಾಲು ಊದಿಸ್ಕೊಳ್ತಿದ್ದಿದ್ದು, ಖಬರಿ ಬಂದು ಬೀಡಿ ಹಚ್ಚಿದ್ರೆ ಆ ಮನುಷ್ಯ ಇವನೇ ಅಂತ ಗುರುತು ಇಟ್ಕೊಂಡಿದ್ದು ಎಲ್ಲಾ ಹೇಳಿದ್ರು. "ಮತ್ತೆ ಆ ಖಬರಿಗೆ ಏನಾಯ್ತು ಕಾಕಾ?" ಅಂತ ಕೇಳ್ದೆ. ಸ್ವಲ್ಪ ಹೊತ್ತು ಬಿಟ್ಟು "ಅವನ ಬಗ್ಗೆ ಯಾರೂ ಬರೆದಿಟ್ಟಿಲ್ಲಮ್ಮ" ಅಂದ್ರು ಹಿಂದಿಲಿ. ದಿ ವೈರ್ ಬಬಲ್ಸ್‌ನ ಐದೂ ಸೀಸನ್ ಬಿಡಲ್ಲ, ಪೊಲೀಸರು ಅವನನ್ನ ಬಳಸಿ ಮರೆತಾಗ್ಲೂ ಕ್ಯಾಮೆರಾ ಅವನ ಜೊತೆಗೇ ಇರತ್ತೆ.

ಈಗ ನಮ್ಮ ಕಡೆ ವಿಷಯ, ಯಾಕಂದ್ರೆ ಈ ಸೀರೀಸ್ ನೋಡ್ತಾ ನೋಡ್ತಾ ನನ್ನ ತಲೆಲಿ ಓಡ್ತಿದ್ದಿದ್ದು ಅದೇ. ಅಲ್ಲಿ ಅಫಿಡವಿಟ್ ಹಿಡ್ಕೊಂಡು ಜಡ್ಜ್ ಫೆಲನ್ ಚೇಂಬರಿಗೆ ಓಡ್ತಾರಲ್ಲ, ಆ ಸೀನ್ ನಮ್ಮಲ್ಲಿ ನಡೆಯೋದೇ ಇಲ್ಲ. ನಮ್ಮಲ್ಲಿ ಫೋನ್ ಟ್ಯಾಪಿಂಗ್‌ಗೆ ಸಹಿ ಹಾಕೋದು ಗೃಹ ಇಲಾಖೆ ಕಾರ್ಯದರ್ಶಿ, ಜಡ್ಜ್ ಅಲ್ಲ. 1885ರ ಟೆಲಿಗ್ರಾಫ್ ಆ್ಯಕ್ಟ್ 5(2) ಕಲಮಿನಲ್ಲಿ ಸರ್ಕಾರಕ್ಕೆ ಆ ಅಧಿಕಾರ ಇತ್ತು, ಅದನ್ನ ಹೇಗೆ ಬಳಸ್ಬೇಕು ಅನ್ನೋ ನಿಯಮವೇ ಬಹಳ ವರ್ಷ ಇರಲಿಲ್ಲ. 1996ರಲ್ಲಿ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕು ಸಂಘಟನೆಯ ಕೇಸಲ್ಲಿ ಸುಪ್ರೀಂ ಕೋರ್ಟು ಫೋನಲ್ಲಿ ಮಾತಾಡೋದೂ ಖಾಸಗಿ ಹಕ್ಕು ಅಂತ ಹೇಳಿ ಕೆಲವು ಕಟ್ಟುಪಾಡು ಹಾಕ್ತು. 2007ರಲ್ಲಿ ಅದು 419ಎ ರೂಲ್ ಆಯ್ತು: ಒಂದು ಆರ್ಡರ್ 60 ದಿನ, ಮುಂದುವರಿಸಿದ್ರೂ ಒಟ್ಟು 180 ದಿನ ದಾಟೋ ಹಾಗಿಲ್ಲ, ಬೇರೆ ದಾರಿ ಇದ್ಯಾ ಅಂತ ಮೊದ್ಲು ನೋಡ್ಬೇಕು, ಆರ್ಡರ್‌ಗಳನ್ನ ಒಂದು ರಿವ್ಯೂ ಕಮಿಟಿ ನೋಡ್ಬೇಕು. ಆ ಕಮಿಟಿಗೆ ಕೇಂದ್ರದಲ್ಲಿ ಕ್ಯಾಬಿನೆಟ್ ಸೆಕ್ರೆಟರಿ ಅಧ್ಯಕ್ಷರು, ರಾಜ್ಯದಲ್ಲಿ ಚೀಫ್ ಸೆಕ್ರೆಟರಿ. ಅಂದ್ರೆ ಸರ್ಕಾರ ಮಾಡಿದ್ದನ್ನ ಸರ್ಕಾರದೋರೇ ನೋಡೋದು. 2023ರಲ್ಲಿ ಹೊಸ ಟೆಲಿಕಮ್ಯುನಿಕೇಶನ್ಸ್ ಆ್ಯಕ್ಟು, 2024ರ ಡಿಸೆಂಬರಲ್ಲಿ ಹೊಸ ರೂಲ್ಸು ಬಂದಿದೆ, ಆದ್ರೂ ಜಡ್ಜ್ ಮೊದ್ಲೇ ನೋಡ್ಬೇಕು ಅನ್ನೋದು ಬರಲಿಲ್ಲ.

ಮಹಾರಾಷ್ಟ್ರಕ್ಕೆ ಇನ್ನೊಂದು ಇದೆ, ಸಂಘಟಿತ ಅಪರಾಧ ತಡೆಯೋಕೆ ಮಾಡಿದ 1999ರ ಮಕೋಕಾ ಕಾಯ್ದೆ. ನಮ್ಮ ಕರ್ನಾಟಕದ 2000ದ ಕೋಕಾ ಕಾಯ್ದೆ ಇದರದೇ ಮಾದರಿ, ಗೌರಿ ಲಂಕೇಶ್ ಕೊಲೆ ಕೇಸಲ್ಲಿ ಹಾಕಿದ್ರಲ್ಲ, ಅದು. ಮಕೋಕಾದಲ್ಲಿ ಟ್ಯಾಪಿಂಗ್ ಅರ್ಜಿ ಹಾಕೋ ಅಧಿಕಾರಿ ಎಸ್‌ಪಿ ದರ್ಜೆಗಿಂತ ಕಡಿಮೆ ಇರೋ ಹಾಗಿಲ್ಲ, ಬೇರೆ ರೀತಿ ತನಿಖೆ ಮಾಡಿ ಸೋತಿದೀವಾ, ಅಥವಾ ಯಾಕೆ ಅದು ಆಗಲ್ಲ ಅಂತ ಅರ್ಜಿಲೇ ಬರೀಬೇಕು. ದಿ ವೈರ್‌ನಲ್ಲಿ ಆ ಟೀಮು ತಲೆ ಕೆಡಿಸ್ಕೊಂಡು ಬರೆಯೋ ಪ್ಯಾರಾ ಇದೇನೇ. ಈ ಕಲಮುಗಳನ್ನ 2008ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡೀತು. ನಮ್ಮ ಆಫೀಸಿನ ಹೊಸ ಜೂನಿಯರ್ ಒಬ್ಬಳು ಮಕೋಕಾ ಓದೋಕೆ ಕೂತಾಗ ನಾನು ಅವಳಿಗೆ ಮೊದಲ ಸೀಸನ್ ನೋಡ್ಕೊಂಡು ಬಾ ಅಂತ ಹೇಳ್ದೆ. ಎರಡು ವಾರ ಆದ್ಮೇಲೆ ಬಂದು "ಅಕ್ಕ, ಈಗ ಆ ಸೆಕ್ಷನ್ ಯಾಕೆ ಇದೆ ಅಂತ ಗೊತ್ತಾಯ್ತು" ಅಂದ್ಲು.

ಕಾಗದ ಸರಿ ಇಲ್ಲದಿದ್ರೆ ಏನಾಗತ್ತೆ ಅನ್ನೋಕೂ ಮುಂಬೈಲೇ ಉದಾಹರಣೆ ಇದೆ. 2019ರ ಅಕ್ಟೋಬರಲ್ಲಿ ಬಾಂಬೆ ಹೈಕೋರ್ಟು ಇಲ್ಲಿನ ಒಬ್ಬ ವ್ಯಾಪಾರಿ ಮೇಲಿನ ಮೂರು ಟ್ಯಾಪಿಂಗ್ ಆರ್ಡರ್ ರದ್ದು ಮಾಡ್ತು. ಬ್ಯಾಂಕ್ ಅಧಿಕಾರಿಗೆ ಲಂಚ ಕೊಟ್ಟ ಆರೋಪ ಇತ್ತು, ಆದ್ರೆ ಕಾಯ್ದೆ ಕೇಳೋ ಸಾರ್ವಜನಿಕ ತುರ್ತು ಆಗ್ಲಿ ಸಾರ್ವಜನಿಕ ಸುರಕ್ಷತೆ ಆಗ್ಲಿ ಇಲ್ಲೆಲ್ಲಿದೆ ಅಂತ ಕೇಳಿ ರೆಕಾರ್ಡಿಂಗ್ ನಾಶ ಮಾಡಿ ಅಂತು. ಅದೇ ಮುಂಬೈಲಿ 2008ರ ನವೆಂಬರ್ 26ರ ದಾಳಿ ಹೊತ್ತಲ್ಲಿ ಹೋಟೆಲ್ ಒಳಗಿದ್ದ ಉಗ್ರರಿಗೆ ಪಾಕಿಸ್ತಾನದಿಂದ ಬರ್ತಿದ್ದ ಸೂಚನೆಗಳನ್ನ ಇಲ್ಲಿಯವರು ಕೇಳಿ ರೆಕಾರ್ಡ್ ಮಾಡಿದ್ರು, ಹೊರಗಿಂದ ಯಾರು ನಡೆಸ್ತಿದಾರೆ ಅಂತ ಜಗತ್ತಿಗೆ ತೋರ್ಸಿದ್ದೇ ಆ ಟೇಪು. ಎರಡೂ ನಮ್ಮೂರಲ್ಲೇ ಆಗಿರೋದು. ಕೇಳೋ ಅಧಿಕಾರ ಬೇಕೇ ಬೇಕು, ಅದರ ಮೇಲೆ ಒಂದು ಕಣ್ಣೂ ಬೇಕೇ ಬೇಕು, ನಾನು ಇದನ್ನ ಪೂರ್ತಿ ನಂಬ್ತೀನಿ. ಕನ್ನಡದೋರಿಗಂತೂ ಹೇಳ್ಬೇಕಾಗೇ ಇಲ್ಲ, ರಾಮಕೃಷ್ಣ ಹೆಗಡೆಯವ್ರು 1988ರಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ಫೋನ್ ಕದ್ದಾಲಿಕೆ ಗಲಾಟೆಲೇ. ಅಪ್ಪ ಆಗ ಪೇಪರ್ ಮಡಿಸಿಟ್ಟು ದಿನಾ ಅದನ್ನೇ ಮಾತಾಡೋರು.

ಸರ್ಕಾರದ ದೊಡ್ಡವರು ಈ ಕೇಳೋ ಕೆಲ್ಸನ ಹೇಗೆ ತಿರುಗಿಸ್ತಾರೆ ಅನ್ನೋದನ್ನ ಸೀರೀಸ್ ಒಂದೊಂದು ಸೀಸನ್ನಲ್ಲೂ ಬೇರೆ ಬೇರೆ ಥರ ತೋರ್ಸತ್ತೆ. ಮೊದಲ ಸೀಸನ್ನಲ್ಲೇ ಟ್ಯಾಪ್ ಹಿಂದೆ ಹೋಗ್ತಾ ಹೋಗ್ತಾ ಒಬ್ಬ ಸೆನೆಟರ್‌ನ ಡ್ರೈವರ್ 20,000 ಡಾಲರ್ ನಗದು ಸಮೇತ ಸಿಕ್ತಾನೆ. ದುಡ್ಡಿನ ಜಾಡು ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಾದ ತಕ್ಷಣ ಮೇಲಿಂದ ಆರ್ಡರ್ ಬರತ್ತೆ, ದುಡ್ಡು ವಾಪಸ್ ಕೊಡಿ ಅಂತ. ಅದುವರೆಗೆ ಯಾವ ಹುಡುಗನ ಜೇಬಿನ ಹತ್ತು ಡಾಲರನ್ನೂ ಬಿಟ್ಟಿರಲ್ಲ. ನಾಲ್ಕನೇ ಸೀಸನ್ನಲ್ಲಿ ಫ್ರೀಮನ್ ಎಲೆಕ್ಷನ್ ಹೊತ್ತಲ್ಲೇ ರಾಜಕಾರಣಿಗಳಿಗೆ ಸಮನ್ಸ್ ಕಳಿಸ್ತಾರೆ, ಮಾರನೇ ದಿನಕ್ಕೆ ಯೂನಿಟ್ಟಿಗೆ ಹೊಸ ಬಾಸು ಬರ್ತಾನೆ, ಯೂನಿಟ್ ಮುರಿಯೋಕೇ ಅಂತ ಬಂದಿರೋನು. ಎರಡನೇ ಸೀಸನ್ನಲ್ಲಿ ಇನ್ನೂ ಸಣ್ಣತನ: ವಾಲ್ಚೆಕ್ ಅನ್ನೋ ಮೇಜರ್‌ಗೆ ಬಂದರಿನ ಯೂನಿಯನ್ ಲೀಡರ್ ಮೇಲೆ ಹೊಟ್ಟೆಕಿಚ್ಚು, ಚರ್ಚಿಗೆ ಬಣ್ಣದ ಗಾಜಿನ ಕಿಟಕಿ ಯಾರು ಕೊಟ್ಟಿದ್ದು ಅನ್ನೋ ಜಗಳ, ಅಷ್ಟಕ್ಕೇ ಒಂದು ಪೊಲೀಸ್ ಟೀಮನ್ನೇ ಯೂನಿಯನ್ ಹಿಂದೆ ಬಿಡ್ತಾನೆ. ಬಂದರಿನ ಹುಡುಗರು ಅವನ ಕಾವಲು ವ್ಯಾನನ್ನ ಕದ್ದು ಕಂಟೈನರ್‌ನಲ್ಲಿ ತುಂಬಿ ಕಳಿಸಿಬಿಡ್ತಾರೆ, ಆ ವ್ಯಾನ್ ಜಗತ್ತಿನ ಬಂದರು ಬಂದರಿಂದ ಫೋಟೋ ಆಗಿ ಅವನ ಟೇಬಲ್ಲಿಗೆ ಬರ್ತಿರತ್ತೆ. ನ್ಹಾವಾ ಶೇವಾ ಬಂದರಲ್ಲಿ ಕೆಲ್ಸ ಮಾಡೋ ನಮ್ಮ ಭಾವ ಈ ಸೀಸನ್ನೇ ಎಲ್ಲಕ್ಕಿಂತ ಚೆನ್ನಾಗಿದೆ ಅಂತಾರೆ, ಕಂಟೈನರ್ ಲೆಕ್ಕ ತಪ್ಪಿಸೋದು ಕಂಪ್ಯೂಟರಲ್ಲಿ ಹೇಗೆ ಕಾಣತ್ತೆ ಅನ್ನೋದನ್ನ ಸರಿಯಾಗೇ ತೋರ್ಸಿದಾರಂತೆ.

ಮೂರನೇ ಸೀಸನ್ನಿನ ಒಂದು ವಿಷಯ ನನ್ನ ಮನಸ್ಸಿಂದ ಹೋಗ್ತಾನೇ ಇಲ್ಲ. ಅಷ್ಟೊತ್ತಿಗೆ ಗ್ಯಾಂಗು ಬಳಸಿ ಬಿಸಾಕೋ ಮೊಬೈಲಿಗೆ ಬಂದಿರತ್ತೆ. ಬರ್ನಾರ್ಡ್ ಅನ್ನೋ ಹುಡುಗ ಊರೂರು ಅಲೆದು ಒಂದೊಂದು ಅಂಗಡಿಲಿ ಒಂದೆರಡೇ ಫೋನ್ ಕೊಳ್ತಾನೆ, ಗರ್ಲ್‌ಫ್ರೆಂಡು ಕಾರಲ್ಲಿ ಪಕ್ಕ ಕೂತು ಎಷ್ಟು ಸುತ್ತಿಸ್ತೀಯಾ ಅಂತ ಬೈತಾ ಇರ್ತಾಳೆ. ಫ್ರೀಮನ್ ತಾವೇ ಫೋನ್ ಮಾರೋ ಠಕ್ಕನ ವೇಷ ಹಾಕಿ ಮೊದ್ಲೇ ಟ್ಯಾಪ್ ಮಾಡಿರೋ ಫೋನ್‌ಗಳನ್ನ ಅವನಿಗೇ ಸಸ್ತಾದಲ್ಲಿ ಮಾರ್ತಾರೆ. ಚೆಂದದ ಆಟ. ಆದ್ರೆ ದೊಡ್ಡ ತಲೆ ಸ್ಟ್ರಿಂಗರ್ ಬೆಲ್‌ನ ಫೋನಿಗೆ ಪರ್ಮಿಶನ್ ತಡ ಆಗ್ತಿದೆ ಅನ್ನೋವಾಗ ಎಫ್‌ಬಿಐನ ಗೆಳೆಯ ಕೆಲ್ಸ ಬೇಗ ಆಗ್ಲಿ ಅಂತ ಕಾಗದದಲ್ಲಿ ಅವನ ಹೆಸರನ್ನ ಅಹ್ಮದ್ ಅಂತ ತೋರ್ಸಿಬಿಡ್ತಾನೆ. ಅಷ್ಟೇ, ಬಾಗಿಲು ತೆಗೀತು! ಅವರು ನಗ್ತಾರೆ ಆ ಸೀನಲ್ಲಿ. ನನಗೆ ನಗು ಬರಲಿಲ್ಲ. ಮುಸ್ಲಿಮರೇ ಹೆಚ್ಚಿರೋ ಮುಂಬ್ರಾದಿಂದ ಬರೋ ನಮ್ಮ ಆಫೀಸಿನ ಗೆಳತಿ ಪಕ್ಕದಲ್ಲಿ ಕೂತು ಈ ಎಪಿಸೋಡ್ ನೋಡಿದ್ಲು, ರಿಮೋಟ್ ತಗೊಂಡು ಹಿಂದಕ್ಕೆ ಹೋಗಿ ಇನ್ನೊಂದ್ಸಲ ನೋಡಿದ್ಲು. ಏನೂ ಹೇಳ್ಲಿಲ್ಲ. ಒಂದು ಹೆಸರು ಇದ್ರೆ ಎಲ್ಲಾ ನಿಯಮ ಪಕ್ಕಕ್ಕೆ ಸರಿಯತ್ತೆ ಅನ್ನೋದನ್ನ 2004ರಲ್ಲೇ ಅಮೆರಿಕದ ಟೀವಿಲಿ ಧೈರ್ಯವಾಗಿ ತೋರ್ಸಿದಾರಲ್ಲ, ಅದಕ್ಕೇ ನಾನು ಇದಕ್ಕೆ ತಲೆ ಬಾಗ್ತೀನಿ.

ಹರ್ಕ್ ಅನ್ನೋ ಪೊಲೀಸ್ ಬಗ್ಗೆ ಎರಡು ಮಾತು. ಇವನೂ ಗೆಳೆಯ ಕಾರ್ವರೂ ಸೇರಿ ಎರಡನೇ ಸೀಸನ್ನಲ್ಲಿ ದುಬಾರಿ ಮೈಕ್ ತಂದು ಟೆನಿಸ್ ಬಾಲ್ ಒಳಗೆ ಬಚ್ಚಿಟ್ಟು ರಸ್ತೆ ಬದಿ ಇಡ್ತಾರೆ, ಒಬ್ಬ ಅದನ್ನ ಎತ್ತಿ ಎಸೀತಾನೆ, ಲಾರಿ ಹತ್ತಿ ಅಪ್ಪಚ್ಚಿ. ದುಡ್ಡು ವಾಪಸ್ ತಗೊಳ್ಳೋಕೆ ಇಲ್ಲದ ಒಬ್ಬ ಖಬರಿ ಹೆಸರು ಸೃಷ್ಟಿ ಮಾಡ್ತಾರೆ. ನಾಲ್ಕನೇ ಸೀಸನ್ನಲ್ಲಿ ಇದೇ ಹರ್ಕ್ ಪರ್ಮಿಶನ್ ಇಲ್ದೇ ಇಲಾಖೆ ಕ್ಯಾಮೆರಾ ತಂದು ಮಾರ್ಲೋ ಅನ್ನೋ ಹೊಸ ಡ್ರಗ್ ದೊರೆಯ ಅಡ್ಡೆ ಮುಂದೆ ಹಾಕ್ತಾನೆ, ಮಾರ್ಲೋ ಹುಡುಗರು ಅದನ್ನೇ ಎತ್ಕೊಂಡು ಹೋಗ್ತಾರೆ, ಅದನ್ನ ಮುಚ್ಚೋಕೆ ಹೋಗಿ ಒಂದು ಮಗುವಿನ ಬದುಕೇ ಹಾಳಾಗತ್ತೆ, ಅದು ಹೇಗೆ ಅಂತ ಹೇಳಲ್ಲ, ನೋಡಿ. ಮುಂಬೈಲಿ 26/11 ಆದ ಮೇಲೆ ಶುರುವಾದ ಸಿಸಿಟಿವಿ ಪ್ರಾಜೆಕ್ಟು 2016ರಲ್ಲಿ ಸುಮಾರು 4,700 ಕ್ಯಾಮೆರಾಗಳ ಜೊತೆ ಪೂರ್ತಿ ಆಯ್ತು, ಆಮೇಲೆ ಇನ್ನೂ ಸೇರ್ತಾ ಇದೆ. ಕ್ಯಾಮೆರಾ ಹಿಂದೆ ಕೂತಿರೋನು ಫ್ರೀಮನ್ನಾ ಹರ್ಕಾ ಅನ್ನೋದು ಕಂಬದ ಕೆಳಗೆ ನಡ್ಕೊಂಡು ಹೋಗೋರಿಗೆ ಗೊತ್ತಾಗಲ್ಲ.

ಇನ್ನು ನೋಡೋ ವಿಷಯಕ್ಕೆ ಬರ್ತೀನಿ. ಕನ್ನಡದಲ್ಲಾಗ್ಲೀ ಹಿಂದಿಯಲ್ಲಾಗ್ಲೀ ಡಬ್ಬಿಂಗ್ ನನಗೆ ಸಿಗ್ಲಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಬಾಲ್ಟಿಮೋರ್ ಬೀದಿ ಭಾಷೆ ಚೆನ್ನಾಗಿ ಇಂಗ್ಲಿಷ್ ಬರೋರಿಗೂ ಹಿಡಿಯಲ್ಲ. ಮೊದಲ ನಾಲ್ಕು ಎಪಿಸೋಡ್ ಯಾರು ಯಾರ ಕಡೆ ಅಂತ ಗೊಂದಲ ಆಗತ್ತೆ, ಆಗ್ಲಿ ಬಿಡಿ. ಇದರಲ್ಲಿ ಹಿನ್ನೆಲೆ ಸಂಗೀತ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ, ಕಾರಿನ ರೇಡಿಯೋ, ಅಂಗಡಿಯ ಸ್ಪೀಕರ್ ಅಂತ ಸೀನಿನೊಳಗೇ ಇರೋ ಹಾಡು ಮಾತ್ರ ಕೇಳತ್ತೆ, ಇಲ್ಲಿ ಹೆದರ್ಬೇಕು ಇಲ್ಲಿ ಅಳ್ಬೇಕು ಅಂತ ಯಾರೂ ಹೇಳಿಕೊಡಲ್ಲ. ಲೋಕಲ್ ಟ್ರೇನಲ್ಲಿ ಫೋನ್ ಮೇಲೆ ನೋಡೋಕೆ ಹೋಗ್ಬೇಡಿ. ಕಾವಲಿನ ಫೋಟೋಗಳು, ಗೋಡೆ ಮೇಲಿನ ಬೋರ್ಡು, ಕಂಪ್ಯೂಟರ್ ಮೇಲಿನ ನಂಬರು ಎಲ್ಲಾ ಸಣ್ಣದಾಗಿ ಬರತ್ತೆ, ಅದು ಕಾಣಲಿಲ್ಲ ಅಂದ್ರೆ ಅರ್ಧ ಕಥೆ ಹೋಯ್ತು, ಮತ್ತೆ ಪಕ್ಕದಲ್ಲಿ ಮಕ್ಕಳು ನಿಂತಿದ್ರೆ ಬೈಗುಳ ನೋಡಿ ಕಷ್ಟ ಆಗತ್ತೆ. ಮೊದಲು ಇದು ಹಳೇ ಟೀವಿ ಅಳತೆ ಚೌಕಟ್ಟಲ್ಲಿ ಬಂದಿತ್ತು, 2014ರ ಕೊನೆಗೆ ಅಗಲ ಪರದೆಗೆ ಹೈ ಡೆಫಿನಿಷನ್ ಮಾಡಿದ್ರು, ಈಗ ಆ್ಯಪ್‌ಗಳಲ್ಲಿ ಬರೋದು ಇದೇ. ಹೊಸದು ಚೊಕ್ಕ ಕಾಣತ್ತೆ, ಆದ್ರೂ ನಮ್ಮ ಮಾವನ ಮಗನ ಹತ್ರ ಇರೋ ಹಳೇ ಡಿವಿಡಿಲಿ ಛಾವಣಿ ಸೀನ್ ನೋಡಿದಾಗ ಆ ಇಕ್ಕಟ್ಟು ಚೌಕಟ್ಟೇ ಕಾವಲು ಕಾಯೋರ ಕಣ್ಣಿಗೆ ಹತ್ರ ಅನ್ನಿಸ್ತು. ಸಿಕ್ರೆ ಅದನ್ನೂ ನೋಡಿ. ಹೆಚ್‌ಬಿಒ ಸೀರೀಸ್‌ಗಳು ನಮ್ಮಲ್ಲಿ ಆ್ಯಪ್ ಬದಲಾಯಿಸ್ತಾ ಇರತ್ತೆ, 2023ರಲ್ಲಿ ಹಾಟ್‌ಸ್ಟಾರ್ ಬಿಟ್ಟು ಜಿಯೋಸಿನಿಮಾಗೆ ಹೋಗಿತ್ತು, ಅದಕ್ಕೆ ವರ್ಷದ ಪ್ಲಾನ್ ತಗೊಳ್ಳೋ ಮೊದ್ಲು ಈಗ ಯಾವುದರಲ್ಲಿದೆ ಅಂತ ನೋಡ್ಕೊಳ್ಳಿ.

ಐದನೇ ಸೀಸನ್ ಸ್ವಲ್ಪ ಕೆಳಗೆ ಅಂತ ತುಂಬ ಜನ ಹೇಳ್ತಾರೆ, ಬಿಟ್ಟುಬಿಡಿ ಅಂತಾನೂ ಹೇಳ್ತಾರೆ. ದಯವಿಟ್ಟು ಬಿಡ್ಬೇಡಿ. ಮಾರ್ಲೋ ಗ್ಯಾಂಗು ಮಾತೇ ಆಡದೆ ಗಡಿಯಾರದ ಫೋಟೋ ಕಳಿಸೋಕೆ ಶುರು ಮಾಡತ್ತೆ, ಮುಳ್ಳು ಎಲ್ಲಿದೆ ಅನ್ನೋದ್ರಲ್ಲಿ ಮ್ಯಾಪಿನ ಪುಟ, ಮನೆ ಎಲ್ಲಾ ಅಡಗಿರತ್ತೆ. ಇತ್ತ ದುಡ್ಡಿಲ್ಲ ಅಂತ ಸರ್ಕಾರ ಕೇಸ್ ಮುಚ್ಚಿರತ್ತೆ. ಆಗ ನಾಲ್ಕು ಸೀಸನ್ ನಾವು ಮೆಚ್ಚಿಕೊಂಡು ಬಂದ ಫ್ರೀಮನ್ನೇ, ಒಂದೊಂದು ಅಕ್ಷರಾನೂ ಕಾನೂನು ಪ್ರಕಾರ ಬರೀತಿದ್ದ ಮನುಷ್ಯ, ಸಹಿ ಇಲ್ಲದೆ ಟ್ಯಾಪ್ ಹಾಕ್ತಾರೆ. ಮ್ಯಾಕ್‌ನಲ್ಟಿ ಅದಕ್ಕೆ ದುಡ್ಡು ತರೋಕೆ ಇಲ್ಲದ ಒಬ್ಬ ಸರಣಿ ಕೊಲೆಗಾರನನ್ನೇ ಹುಟ್ಟಿಸ್ತಾನೆ. ಇಬ್ಬರೂ ಒಳ್ಳೇ ಪೊಲೀಸರು, ಹಿಡಿಯೋಕೆ ಹೊರಟಿದ್ದೂ ನಿಜವಾದ ಕೊಲೆಗಾರನನ್ನೇ. ಆ ಟೇಪಿಂದ ಕೊನೆಗೆ ಯಾರಿಗೆ ಲಾಭ ಆಗತ್ತೆ, ಗ್ಯಾಂಗಿನ ವಕೀಲ ಲೆವಿ ಆ ಒಂದು ಕಾಗದ ಇಲ್ಲ ಅಂತ ಗೊತ್ತಾದ ತಕ್ಷಣ ಏನು ಮಾಡ್ತಾನೆ, ಮೇಯರ್ ಆಫೀಸಿನವರು ಅದನ್ನ ಹೇಗೆ ಒಳಗೇ ಮುಚ್ಚಿ ಹಾಕ್ತಾರೆ ಅನ್ನೋದಕ್ಕೋಸ್ಕರ ಕೊನೆ ಮೂರು ಎಪಿಸೋಡನ್ನ ಒಟ್ಟಿಗೆ ಕೂತು ನೋಡಿ, ಮಧ್ಯ ಬಿಡ್ಬೇಡಿ, ಮತ್ತೆ ಕಾನೂನು ಓದ್ತಿರೋ ಮಕ್ಕಳು ಮನೇಲಿದ್ರೆ ಅವರನ್ನೂ ಜೊತೆಗೆ ಕೂರಿಸ್ಕೊಳ್ಳಿ.